ಐದೂವರೆಯಿಂದ ಎಂಟೂವರೆ

ಮುಂಬಯಿಯ ಕುರ್ಲಾ ಪೂರ್ವದ ನಮ್ಮ ಚಿಕ್ಕ ಕನ್ನಡ ವಾಚನಾಲಯದ ವಾರ್ಷಿಕ ಕೂಟದಲ್ಲಿ ಆಡಿದ ಮಾತುಗಳಿವು. ಅಂದು ಬರಲಾಗದ ಸದಸ್ಯರು ಕೇಳಿದ್ದರಿಂದ ಬರೆದುಕೊಟ್ಟಿದ್ದೇನೆ. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ಸಂಗತಿಗಳನ್ನು ಸೇರಿಸಿದ್ದೇನೆ.

ಹಿರಿಯರೇ, ಅಕ್ಕತಂಗಿಯರೇ, ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳೇ,

ನೀವೆಲ್ಲ ಬಾಗಿಲ ಮೇಲಿನ ಹಲಗೆಯ ಕೆಳಗಿನಿಂದಲೇ ಒಳಗೆ ಬಂದಿದ್ದೀರಿ. ಹಸಿರು ಹಲಗೆ, ಬಿಳಿ ಅಕ್ಷರ. ‘ಸಂಜೆ 5.30ರಿಂದ 8.30. ಸೋಮವಾರ ರಜೆ.’ ಅದನ್ನು ಬರೆದ ಹಿರಿಯರು ಈಗ ನಮ್ಮ ನಡುವೆ ಇಲ್ಲ. ಬಣ್ಣ ಮಾಸಿದಾಗಲೆಲ್ಲ ಅವರು ಬರೆದ ಅಕ್ಷರಗಳ ಮೇಲೆಯೇ ಕುಂಚ ಆಡಿಸುತ್ತ ಬಂದಿದ್ದೇವೆ. ಕಾರ್ಯದರ್ಶಿಯವರು ಲೆಕ್ಕಪತ್ರ ಓದಿ ಆಯಿತು, ಹೊಸ ಪುಸ್ತಕಗಳ ಪಟ್ಟಿ ನಿಮ್ಮ ಕೈಯಲ್ಲಿದೆ. ನನಗೆ ಕೊಟ್ಟ ಅರ್ಧ ಗಂಟೆಯಲ್ಲಿ ನಾನು ಮಾತನಾಡುವುದು ಆ ಹಲಗೆಯ ಮೇಲಿನ ಒಂದು ಸಾಲಿನ ಬಗ್ಗೆ.

ಈ ವರ್ಷ ಒಂದು ದಿನ ನಾನು ಆ ಸಾಲಿಗೆ ತಪ್ಪಿ ನಡೆದೆ. ಅದನ್ನು ಮೊದಲು ಹೇಳಬೇಕು.

ಹಿಂದಿನ ರಸ್ತೆಯಲ್ಲಿ ಏಳುತ್ತಿರುವ ಕಟ್ಟಡಕ್ಕೆ ರಾತ್ರಿ ಕಾವಲು ಕಾಯುವ ಹುಡುಗನೊಬ್ಬ ನಮ್ಮ ಓದುಗ. ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ಏಳನೆಯ ತರಗತಿಗೆ ಶಾಲೆ ಬಿಟ್ಟವನು, ಈಗ ಖಾಸಗಿಯಾಗಿ ಎಸ್ಸೆಸ್ಸೆಲ್ಸಿಗೆ ಕಟ್ಟಬೇಕೆಂದು ಹಟ ತೊಟ್ಟಿದ್ದಾನೆ. ಅವನ ಪಾಳಿ ಎಂಟು ಗಂಟೆಗೆ ಶುರು. ಐದೂವರೆಗೆ ಸರಿಯಾಗಿ ಬಂದು, ಕಿಟಕಿ ಪಕ್ಕದ ಬೆಂಚಿನ ತುದಿಯಲ್ಲಿ ಕುಳಿತು, ಸಮಾಜ ವಿಜ್ಞಾನದ ಪಾಠಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದ. ಬರೆಯುವಾಗ ತುಟಿ ಅಲುಗುತ್ತಿತ್ತು. ಒಂದು ಪ್ಯಾರಾ ಮುಗಿದ ಕೂಡಲೇ ಪೆನ್ನಿನ ಮುಚ್ಚಳ ಹಾಕಿ, ಬರೆದದ್ದನ್ನು ಬೆರಳಿಟ್ಟು ಓದಿ, ಮತ್ತೆ ಮುಚ್ಚಳ ತೆಗೆಯುತ್ತಿದ್ದ. ಶಾಯಿ ಒಣಗಬಾರದೆಂಬ ಜಾಗ್ರತೆ. ಏಳೂಮುಕ್ಕಾಲಿಗೆ ‘ಬರುತ್ತೇನೆ ಅಕ್ಕ’ ಎಂದು ಹೇಳಿ ಹೋಗುತ್ತಿದ್ದ.

ಒಂದು ಗುರುವಾರ ಮಾಟುಂಗದಲ್ಲಿ ಹತ್ತಿರದವರ ಮದುವೆಯ ಆರತಕ್ಷತೆ ಇತ್ತು. ನಾನು ಹೋದೆ. ನನ್ನ ಬದಲು ಯಾರನ್ನೂ ಕೂರಿಸಲಿಲ್ಲ, ಬಾಗಿಲಿಗೆ ಒಂದು ಚೀಟಿಯನ್ನೂ ಅಂಟಿಸಲಿಲ್ಲ. ಒಂದು ದಿನ ತಾನೇ ಎಂದುಕೊಂಡೆ. ಶುಕ್ರವಾರ ಹುಡುಗ ಬರಲಿಲ್ಲ. ಶನಿವಾರವೂ ಇಲ್ಲ. ಊರಿಗೆ ಹೋಗಿರಬೇಕು ಎಂದುಕೊಂಡು ಸುಮ್ಮನಾದೆ. ಅವನಿಗೆಂದೇ ತರಿಸಿದ್ದ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಎರಡು ತಿಂಗಳ ನಂತರ ಒಂದು ಸಂಜೆ ಬಾಗಿಲಲ್ಲಿ ನಿಂತು ಒಳಗೆ ಇಣುಕಿದ. ‘ಎಲ್ಲಿ ಹೋಗಿದ್ದೆ ತಮ್ಮಾ?’ ಎಂದೆ. ‘ಇಲ್ಲೇ ಇದ್ದೆ ಅಕ್ಕ. ಅವತ್ತು ಬೀಗ ನೋಡಿದೆ. ವಾಚನಾಲಯ ಮುಚ್ಚಿತು ಅಂದುಕೊಂಡೆ. ನಿನ್ನೆ ಈ ಕಡೆಯಿಂದ ಹೋಗುವಾಗ ದೀಪ ಕಾಣಿಸಿತು’ ಎಂದ.

ಅವನ ಮಾತಿನಲ್ಲಿ ದೂರು ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ನನಗೆ ನೋವಾದದ್ದು ಅದಕ್ಕೇ. ಈ ನಗರದಲ್ಲಿ ಅವನು ಕಂಡದ್ದೆಲ್ಲ ಹಾಗೆ: ಚಹಾದ ಅಂಗಡಿ ಒಂದು ಬೆಳಿಗ್ಗೆ ಇರುವುದಿಲ್ಲ, ಮೇಸ್ತ್ರಿ ಒಂದು ದಿನ ಇರುವುದಿಲ್ಲ, ಮಲಗುತ್ತಿದ್ದ ಶೆಡ್ಡು ಒಂದು ರಾತ್ರಿ ಇರುವುದಿಲ್ಲ. ಒಮ್ಮೆ ಬಿದ್ದ ಬೀಗ ಮತ್ತೆ ತೆಗೆಯುತ್ತದೆಂದು ನಂಬಲು ಅವನಿಗೆ ಕಾರಣವೇ ಇರಲಿಲ್ಲ. ವಾರಕ್ಕೆ ಆರು ದಿನದಂತೆ ಲೆಕ್ಕ ಹಾಕಿ. ಎರಡು ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಸಂಜೆಗಳನ್ನು ನಾನು ಆ ಹುಡುಗನಿಂದ ಕಸಿದುಕೊಂಡ ಹಾಗಾಯಿತು. ನಾನು ಮುಚ್ಚಿದ್ದು ಒಂದೇ ಸಂಜೆ.

ಹಾಗಾಗಿ ಈ ವಾಚನಾಲಯದ ಆಸ್ತಿ ಯಾವುದು ಎಂದು ಯಾರಾದರೂ ಕೇಳಿದರೆ ಗೋಡೆಯ ಮೂರು ಬದಿಯ ಕಪಾಟುಗಳನ್ನು ನಾನು ತೋರಿಸುವುದಿಲ್ಲ. ಹೊರಗಿನ ಹಲಗೆಯನ್ನು ತೋರಿಸುತ್ತೇನೆ. ಹಲಗೆಯಲ್ಲಿ ಬರೆದ ಹೊತ್ತಿಗೆ ಬಾಗಿಲು ತೆರೆದಿರುತ್ತದೆ, ಒಳಗೆ ಒಬ್ಬರು ಕುಳಿತಿರುತ್ತಾರೆ ಎಂಬ ಭರವಸೆ ಜನರಿಗೆ ಇರುವಷ್ಟು ದಿನ ಇದು ವಾಚನಾಲಯ. ಆ ಭರವಸೆ ಹೋದ ದಿನ ಇದು ಪುಸ್ತಕಗಳನ್ನು ಒಟ್ಟಿದ ಕೋಣೆ.

ಇದು ನನ್ನ ಸ್ವಂತ ಮಾತೇನೂ ಅಲ್ಲ. ಗ್ರಂಥಾಲಯ ಶಾಸ್ತ್ರಕ್ಕೆ ನಮ್ಮ ದೇಶದಲ್ಲಿ ಅಡಿಪಾಯ ಹಾಕಿದ ಎಸ್. ಆರ್. ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿ, 1972ರಲ್ಲಿ ಅಲ್ಲಿಯೇ ತೀರಿಕೊಂಡರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು: ಪುಸ್ತಕಗಳು ಇರುವುದು ಬಳಕೆಗಾಗಿ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆದರೆ ಆ ಸೂತ್ರದಿಂದ ಅವರು ಏನೇನು ಹೊರಡಿಸುತ್ತಾರೆ ನೋಡಿ. ಗ್ರಂಥಾಲಯ ಜನ ಓಡಾಡುವ ಜಾಗದಲ್ಲಿ ಇದೆಯೇ, ಯಾವ ಹೊತ್ತಿಗೆ ತೆರೆದಿರುತ್ತದೆ, ಕಪಾಟು ಕೈಗೆಟುಕುತ್ತದೆಯೇ, ಒಳಗೆ ಕುಳಿತವರು ಎಂಥವರು. ಜಾಗ, ಹೊತ್ತು, ಪೀಠೋಪಕರಣ, ಸಿಬ್ಬಂದಿ. ಗಣಿತದ ಮೇಷ್ಟ್ರು ಸೂತ್ರ ಬರೆದು ಕೈ ತೊಳೆದುಕೊಳ್ಳಲಿಲ್ಲ, ಬಾಗಿಲಿನ ಬೀಗದವರೆಗೂ ಬಂದರು.

ನಮ್ಮವರಿಗೂ ಇದು ತಿಳಿಯದ ವಿಷಯವಲ್ಲ. ಕರಾವಳಿಯಿಂದ ಬಂದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದ ಕಾಲವನ್ನು ಇಲ್ಲಿ ಕುಳಿತವರಲ್ಲಿ ಕೆಲವರು ಕಂಡಿದ್ದೀರಿ, ಒಬ್ಬಿಬ್ಬರು ಆ ಬೆಂಚುಗಳಲ್ಲಿ ಕುಳಿತವರೇ. ಈ ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಮೈಸೂರು ಅಸೋಸಿಯೇಷನ್ 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ. ಇಂಥ ಸಂಸ್ಥೆಗಳನ್ನು ಕಟ್ಟಿದವರು ಹಣವಂತರು ಮಾತ್ರವಲ್ಲ, ದಿನದ ಕೆಲಸ ಮುಗಿಸಿ ಬಂದವರು. ರಾತ್ರಿಶಾಲೆ ರಾತ್ರಿ ನಡೆದದ್ದು ಓದುವವರಿಗೆ ಬಿಡುವಾಗುತ್ತಿದ್ದುದು ರಾತ್ರಿ ಎಂಬ ಒಂದೇ ಕಾರಣಕ್ಕೆ. ನಮ್ಮ ಹಲಗೆಯ ಐದೂವರೆ ಕೂಡ ಹಾಗೆಯೇ ಬಂದದ್ದು. ಕಾರ್ಖಾನೆಯ ಹಗಲು ಪಾಳಿ ಮುಗಿಸಿದವರು ಮನೆಗೆ ಹೋಗಿ ಮುಖ ತೊಳೆದು ಬರುವ ಹೊತ್ತು ಅದು. ಎಂಟೂವರೆ ಎಂದರೆ ಮನೆಯಲ್ಲಿ ಊಟಕ್ಕೆ ಕರೆಯುವ ಹೊತ್ತು. ಈಗ ಲೋಕಲ್ ಇಳಿದು ಮನೆ ಮುಟ್ಟುವಾಗಲೇ ಒಂಬತ್ತಾಗುವವರು ಹೆಚ್ಚು. ಹೊತ್ತು ಬದಲಿಸೋಣ ಎನ್ನುವವರಿದ್ದರೆ ನನ್ನ ತಕರಾರಿಲ್ಲ. ಆದರೆ ಹಲಗೆಯಲ್ಲಿ ಬರೆದು ಬದಲಿಸೋಣ, ಬರೆದ ಮೇಲೆ ತಪ್ಪದಿರೋಣ.

ಈ ನಗರದ ಮರಾಠಿ ವಾಚನಾಲಯಗಳಿಂದಲೂ ನಾವು ಕಲಿಯುವುದಿದೆ. ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರದು. ಮುಂಬಯಿಯದು 1898ರದು. 1896ರಲ್ಲಿ ಇಲ್ಲಿ ಪ್ಲೇಗು ಕಾಲಿಟ್ಟಿತ್ತು, ಜನ ಊರು ಬಿಟ್ಟು ಓಡುತ್ತಿದ್ದರು. ಅಂಥ ವರ್ಷಗಳಲ್ಲಿ ಕೆಲವರು ಕುಳಿತು ಪುಸ್ತಕದ ಮನೆ ಕಟ್ಟುವ ಮಾತಾಡಿದರಲ್ಲ, ಅವರ ಧೈರ್ಯವನ್ನು ನೆನೆದರೆ ನನಗೆ ಕಣ್ಣು ತುಂಬುತ್ತದೆ. ಕರ್ನಾಟಕದಲ್ಲಿ 1965ರ ಗ್ರಂಥಾಲಯ ಕಾಯಿದೆಯಂತೆ ಮನೆ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಕಟ್ಟುತ್ತಾರೆ. ಮಹಾರಾಷ್ಟ್ರದ ಕಾಯಿದೆ ಬಂದದ್ದು 1967ರಲ್ಲಿ, ಇಲ್ಲಿ ಆ ಕರ ಇಲ್ಲ. ಜನ ಕಟ್ಟಿ ನಡೆಸಿದ ವಾಚನಾಲಯಗಳನ್ನು ಸರ್ಕಾರ ‘ಅ, ಬ, ಕ, ಡ’ ಎಂದು ವರ್ಗ ಮಾಡಿ ಅನುದಾನ ಕೊಡುತ್ತದೆ. ಮೊದಲು ಜನ, ಆಮೇಲೆ ಸರ್ಕಾರ. ನಾವೂ ಅರ್ಜಿ ಹಾಕೋಣ ಎಂದು ಕಳೆದ ಸಭೆಯಲ್ಲಿ ಕೆಲವರು ಕೇಳಿದ್ದಿರಿ. ಆ ನಿಯಮಗಳಲ್ಲಿ ಎಷ್ಟು ಪುಸ್ತಕ, ಎಷ್ಟು ಪತ್ರಿಕೆ ಎಂಬುದರ ಜೊತೆಗೆ ದಿನಕ್ಕೆ ಎಷ್ಟು ಗಂಟೆ ತೆರೆದಿರಬೇಕು ಎಂಬುದೂ ಇದೆ. ಸರ್ಕಾರದ ಕಾಗದದಲ್ಲಿ ಬಂದರೂ ಅದು ಅದೇ ಹಲಗೆಯ ಮಾತು.

ಇನ್ನು ಈ ವರ್ಷದ ಸಮಾಚಾರ. ಎಲ್ಲವನ್ನೂ ಹೇಳಲು ಹೋಗುವುದಿಲ್ಲ.

ಆಗಸ್ಟಿನಲ್ಲಿ ಉತ್ತರದ ಗೋಡೆಯ ಕಪಾಟಿಗೆ ಬೂಷ್ಟು ಹತ್ತಿತು. ನೆಲಮಹಡಿಯ ಕೋಣೆ, ಮುಂಬಯಿಯ ಮಳೆಗಾಲ, ಹತ್ತದಿದ್ದರೆ ಆಶ್ಚರ್ಯ. ಹಳಬರಿಗೆ 2005ರ ಜುಲೈ 26 ನೆನಪಿರುತ್ತದೆ. ಸಾಂತಾಕ್ರೂಜಿನಲ್ಲಿ ಒಂದು ದಿನದಲ್ಲಿ 944 ಮಿಲಿಮೀಟರ್ ಮಳೆ ಬಿತ್ತು, ಮೀಠಿ ನದಿ ಉಕ್ಕಿತು, ಕುರ್ಲಾ ಮುಳುಗಿತು. ನಮ್ಮ ಕೆಳಗಿನ ಎರಡು ಸಾಲು ಪುಸ್ತಕಗಳು ಕೆಸರು ನೀರಿನಲ್ಲಿ ನಿಂತವು. ಆಗ ನಮಗೆ ಏನೂ ತಿಳಿದಿರಲಿಲ್ಲ. ಬಿಸಿಲು ಬಂದ ಕೂಡಲೇ ತಾರಸಿಯ ಮೇಲೆ ಹಪ್ಪಳ ಒಣಗಿಸಿದ ಹಾಗೆ ಹರಡಿದೆವು. ಹಪ್ಪಳದ ಹಾಗೆಯೇ ಡೊಂಕಾದವು. ನುಣುಪು ಕಾಗದದ ಪುಸ್ತಕಗಳಂತೂ ಹಾಳೆಗೆ ಹಾಳೆ ಅಂಟಿ ಇಟ್ಟಿಗೆಯಾದವು. ಅವನ್ನು ಬಿಡಿಸಲು ಆಗಲೇ ಇಲ್ಲ.

ಈಗ ಕಲಿತಿದ್ದೇವೆ. ನೆನೆದ ಪುಸ್ತಕವನ್ನು ಬಿಸಿಲಿಗೆ ಇಡಬಾರದು. ನೆರಳಲ್ಲಿ, ಫ್ಯಾನಿನ ಗಾಳಿಗೆ ಇಡಬೇಕು. ಕೆಲವು ಹಾಳೆಗಳಿಗೊಂದರಂತೆ ನಡುವೆ ಹೀರುವ ಕಾಗದ ಇಟ್ಟು, ಅದು ಒದ್ದೆಯಾದಂತೆ ಬದಲಿಸುತ್ತಿರಬೇಕು. ಬೂಷ್ಟು ಹಿಡಿದದ್ದನ್ನು ಒಳಗೆ ಕೊಡವಬಾರದು. ಪಕ್ಕದ ಕಪಾಟಿಗೂ ಹಾರುತ್ತದೆ, ನಮ್ಮ ಶ್ವಾಸಕೋಶಕ್ಕೂ. ಈ ಆಗಸ್ಟಿನಲ್ಲಿ ಐದು ಜನ ಮೂಗಿಗೆ ಮಾಸ್ಕ್ ಹಾಕಿ, ಒಂದೊಂದೇ ಪುಸ್ತಕವನ್ನು ಹೊರಗಿನ ಜಗಲಿಗೆ ತಂದು, ಒಣ ಕುಂಚದಿಂದ ಉಜ್ಜಿದೆವು. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆದೆವು, ಹಿಂದೆ ಗಾಳಿ ಆಡಲೆಂದು. ಸಂದಿಗಳಲ್ಲಿ ಬಜೆಯ ತುಂಡು, ಒಣ ಬೇವಿನ ಎಲೆ ಇಟ್ಟಿದ್ದೇವೆ. ಅತಿ ಕೆಳಗಿನ ಸಾಲನ್ನು 2005ರಿಂದ ಖಾಲಿ ಬಿಟ್ಟಿದ್ದೇವೆ. ಜಾಗ ಇಲ್ಲ ಎಂದು ಎಷ್ಟೇ ಒತ್ತಾಯ ಬಂದರೂ ಅಲ್ಲಿ ಪುಸ್ತಕ ಇಡಲು ನಾನು ಬಿಡುವುದಿಲ್ಲ.

ಹರಿದ ಪುಸ್ತಕಗಳ ಬಗ್ಗೆ ನಿಮ್ಮಲ್ಲಿ ಒಂದು ಬೇಡಿಕೆ. ದಯವಿಟ್ಟು ಸೆಲ್ಲೋಟೇಪ್ ಹಚ್ಚಬೇಡಿ. ನೀವು ಪ್ರೀತಿಯಿಂದ ಹಚ್ಚುತ್ತೀರಿ, ನನಗೆ ಗೊತ್ತು. ಆದರೆ ಕೆಲವೇ ವರ್ಷಗಳಲ್ಲಿ ಆ ಅಂಟು ಕಂದಾಗಿ ಅಕ್ಷರವನ್ನೇ ತಿನ್ನುತ್ತದೆ, ಟೇಪು ತಾನು ಕಿತ್ತುಬರುತ್ತದೆ, ಕಲೆ ಉಳಿಯುತ್ತದೆ. ಹರಿದ ಪುಸ್ತಕವನ್ನು ಹಾಗೆಯೇ ತಂದು ಮೇಜಿನ ಮೇಲಿಡಿ. ಯಾರೂ ಬೈಯುವುದಿಲ್ಲ. ನಮ್ಮ ಬೈಂಡರ್ ಅಜ್ಜ ತಿಂಗಳ ಎರಡನೆಯ ಶನಿವಾರ ಬರುತ್ತಾರೆ. ಮೈದಾ ಹಿಟ್ಟನ್ನು ನೀರಿನಲ್ಲಿ ಗಂಟಾಗದಂತೆ ಕಲಸಿ, ಸಣ್ಣ ಉರಿಯಲ್ಲಿ ಗಂಜಿಯ ಹದಕ್ಕೆ ಕಾಯಿಸಿ, ಚಿಟಿಕೆ ಮೈಲುತುತ್ತ ಹಾಕುತ್ತಾರೆ, ಹುಳು ಹತ್ತದ ಹಾಗೆ. ಮಕ್ಕಳು ಮುಟ್ಟಬಾರದೆಂದು ಆ ಡಬ್ಬಿಯನ್ನು ತಮ್ಮ ಮೊಣಕಾಲಿನ ಹಿಂದೆ ಇಟ್ಟುಕೊಳ್ಳುತ್ತಾರೆ. ಬೆನ್ನಿಗೆ ಜಾಳು ಬಟ್ಟೆ ಅಂಟಿಸಿ, ಮೇಲೆ ಕೋರಾ ಬಟ್ಟೆ ಎಳೆದು, ಹೆಬ್ಬೆರಳಿನ ಉಗುರಿನಿಂದ ಮಡಿಕೆಯನ್ನು ಉದ್ದಕ್ಕೂ ಒತ್ತುತ್ತಾ ಬರುವಾಗ ಅವರು ಯಾರ ಜೊತೆಗೂ ಮಾತನಾಡುವುದಿಲ್ಲ. ಒಮ್ಮೆ ಬಂದು ನೋಡಿ. ಹಳೆಯ ಅಗ್ಗದ ಕಾಗದದ ಕಾದಂಬರಿಗಳಿಗೆ ಮಾತ್ರ ಅವರ ಕೈಯೂ ಸಾಲದು. ಆ ಕಾಗದದೊಳಗೆ ಆಮ್ಲದ ಅಂಶವಿರುತ್ತದೆ. ಮೂಲೆಯನ್ನು ಎರಡು ಸಲ ಮಡಿಸಿದರೆ ಮುರಿದು ಕೈಗೆ ಬರುತ್ತದೆ. ಅಂಥವನ್ನು ಕಟ್ಟಿಸಿ ಹಣ ಕಳೆಯುವುದಕ್ಕಿಂತ ಮರುಮುದ್ರಣ ಬಂದಿದೆಯೇ ಎಂದು ಹುಡುಕುವುದು ಮೇಲು.

ಹೊಸ ಪುಸ್ತಕ ತರಿಸುವುದು ಒಂದು ಕಾಲದಲ್ಲಿ ಸುಲಭವಿತ್ತು. ಅಂಚೆ ಇಲಾಖೆಯಲ್ಲಿ ಮುದ್ರಿತ ಪುಸ್ತಕಗಳಿಗೆಂದೇ ಇದ್ದ ಅಗ್ಗದ ನೋಂದಾಯಿತ ದರವನ್ನು 2024ರ ಡಿಸೆಂಬರ್ 18ರಂದು ನಿಲ್ಲಿಸಿದರು. ಬೆಂಗಳೂರು, ಧಾರವಾಡದ ಪ್ರಕಾಶಕರಿಂದ ತರಿಸಿದ ಕಟ್ಟುಗಳಿಗೆ ಅಂಚೆ ವೆಚ್ಚವೇ ಭಾರವಾಯಿತು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂದಿದೆ. ಪಠ್ಯಪುಸ್ತಕಗಳು, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳು ಅದರಲ್ಲಿ ಹೋಗುತ್ತವೆ. ಆರಂಭದ ದರ 300 ಗ್ರಾಂಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಉಸಿರಾಡುವಷ್ಟಾಯಿತು. ಆದರೆ ನಮ್ಮ ನಂಬಿಕೆಯ ಅಂಚೆ ಬೇರೆಯೇ ಇದೆ. ಲೋಕಮಾನ್ಯ ತಿಲಕ ಟರ್ಮಿನಸ್ ನಮಗೆ ಕೂಗಳತೆಯಲ್ಲಿದೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಓಡತೊಡಗಿದ ಮೇಲೆ, ಊರಿಗೆ ಹೋಗುವ ಸದಸ್ಯರ ಕೈಗೆ ನಾವು ಒಂದು ಪಟ್ಟಿ ಕೊಡುತ್ತ ಬಂದಿದ್ದೇವೆ. ಅವರು ಮರಳುವಾಗ ಹಲಸಿನ ಹಪ್ಪಳ, ಕುಚ್ಚಲಕ್ಕಿಯ ನಡುವೆ ನಮ್ಮ ಪುಸ್ತಕಗಳೂ ಬರುತ್ತವೆ. ಕಳೆದ ಮೇ ತಿಂಗಳಲ್ಲಿ ಒಬ್ಬರು ತಾಯಿ ಸೀಟಿನ ಕೆಳಗೆ ಜಾಗ ಸಾಲದೆ ಎರಡು ಕಟ್ಟು ಪುಸ್ತಕಗಳನ್ನು ರಾತ್ರಿಯಿಡೀ ತಲೆದಿಂಬು ಮಾಡಿಕೊಂಡು ಬಂದರು. ಬೆಳಿಗ್ಗೆ ಮನೆಗೂ ಹೋಗದೆ ನೇರ ನಮ್ಮ ಮನೆಗೆ ತಂದುಕೊಟ್ಟರು. ಅವರು ಈಗ ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ, ಹೆಸರು ಹೇಳಬೇಡಿ ಎಂದು ಮೊದಲೇ ಎಚ್ಚರಿಸಿದ್ದಾರೆ.

ಬರುವ ಪುಸ್ತಕಗಳ ಇನ್ನೊಂದು ದಾರಿ ದುಃಖದ್ದು. ಸುತ್ತಲಿನ ಹಳೆಯ ಕಟ್ಟಡಗಳೆಲ್ಲ ಪುನರ್ನಿರ್ಮಾಣಕ್ಕೆ ಹೋಗುತ್ತಿವೆ. ಮನೆ ಖಾಲಿ ಮಾಡುವಾಗ ಮಕ್ಕಳು ಅಟ್ಟದಿಂದ ಪೆಟ್ಟಿಗೆ ಇಳಿಸುತ್ತಾರೆ. ‘ಅಪ್ಪನ ಪುಸ್ತಕಗಳು. ನಮಗೆ ಕನ್ನಡ ಓದಲು ಬರುವುದಿಲ್ಲ. ರದ್ದಿಗೆ ಹಾಕಲು ಮನಸ್ಸು ಬರುವುದಿಲ್ಲ.’ ಈ ಮೂರು ವಾಕ್ಯಗಳನ್ನು ಇದೇ ಕ್ರಮದಲ್ಲಿ ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ.

ಎಲ್ಲವನ್ನೂ ತೆಗೆದುಕೊಳ್ಳಲು ನಮಗೆ ಆಗುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ನಮ್ಮಲ್ಲಿ ಈಗಾಗಲೇ ಇರುವುದು, ಗೆದ್ದಲು ಹಿಡಿದದ್ದು, ಯಾರೂ ಕೇಳದ ಹಳೆಯ ಪಠ್ಯಪುಸ್ತಕ: ಇವನ್ನು ತೆಗೆದುಕೊಂಡರೆ ಓದುಗ ಹುಡುಕುವ ಪುಸ್ತಕ ಅವುಗಳ ಹಿಂದೆ ಮರೆಯಾಗುತ್ತದೆ. ಈಗ ಒಂದು ಕ್ರಮ ಮಾಡಿಕೊಂಡಿದ್ದೇವೆ. ಪೆಟ್ಟಿಗೆಯನ್ನು ತಂದವರ ಎದುರಿಗೇ ಬಿಚ್ಚುತ್ತೇವೆ. ಪ್ರತಿ ಪುಸ್ತಕದ ಹಾಳೆ ಸರಿಸಿ ನೋಡುತ್ತೇವೆ. ಬೆಸ್ಟ್ ಬಸ್ಸಿನ ಟಿಕೆಟ್, ಒಣಗಿದ ಸುರಗಿ, ಊರಿನಿಂದ ಬಂದ ಇನ್‌ಲ್ಯಾಂಡ್ ಪತ್ರ, ಏನು ಸಿಕ್ಕರೂ ಅವರ ಕೈಗೆ ಕೊಡುತ್ತೇವೆ. ನಮಗೆ ಬೇಕಾದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ‘ಬೇಕಾದವರು ಒಯ್ಯಿರಿ’ ಎಂದು ಹೊರಗಿನ ಬೆಂಚಿನ ಮೇಲೆ ಒಂದು ತಿಂಗಳು ಇಡುತ್ತೇವೆ.

ಚಳಿಗಾಲದಲ್ಲಿ ಹೀಗೆ ಪೆಟ್ಟಿಗೆ ಬಿಚ್ಚುವಾಗ, ತಂದಿದ್ದ ಮಗ ಒಂದು ಪುಸ್ತಕ ಕೈಗೆತ್ತಿಕೊಂಡು ಮೊದಲ ಪುಟವನ್ನು ನೋಡುತ್ತಾ ನಿಂತರು. ಅಲ್ಲಿ ಅವರ ತಂದೆಯ ಸಹಿ, ಕೆಳಗೆ ಎರಡು ಸಾಲು ಬರಹ. ‘ಇದೇನು ಬರೆದಿದ್ದಾರೆ?’ ಎಂದು ನನ್ನನ್ನು ಮರಾಠಿಯಲ್ಲಿ ಕೇಳಿದರು. ನಾನು ಓದಿ ಹೇಳಿದೆ. ಮಗ ಹುಟ್ಟಿದ ದಿನ ದಾದರಿನಲ್ಲಿ ಈ ಪುಸ್ತಕ ಕೊಂಡೆ, ಅವನು ದೊಡ್ಡವನಾಗಿ ಓದಲಿ ಎಂದು ಬರೆದಿದ್ದರು. ಅವರು ಆ ಒಂದು ಪುಸ್ತಕವನ್ನು ಮಾತ್ರ ಮರಳಿ ಒಯ್ದರು. ಎರಡು ವಾರ ಬಿಟ್ಟು ಒಂದು ಭಾನುವಾರ ತಮ್ಮ ಮಗಳನ್ನು ಕರೆತಂದರು. ಅವಳೂ ಕಲಿಯಲಿ, ಜೊತೆಗೆ ನಾನೂ ಕುಳಿತುಕೊಳ್ಳಬಹುದೇ ಎಂದು ಕೇಳಿದರು.

ಭಾನುವಾರ ಬೆಳಗಿನ ಹತ್ತರಿಂದ ಹನ್ನೆರಡು, ಮಕ್ಕಳಿಗೆ ಕನ್ನಡ ಓದಲು ಕಲಿಸಲೆಂದು ಈ ವರ್ಷ ನಾವು ಹೊಸದಾಗಿ ಸೇರಿಸಿದ ಹೊತ್ತು. ನಮ್ಮ ಮಕ್ಕಳ ಮನೆಮಾತು ತುಳು, ಕೊಂಕಣಿ ಅಥವಾ ಕನ್ನಡ. ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. 2020ರ ಕಾಯಿದೆಯಿಂದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯವಾಗಿರುವುದರಿಂದ ದೇವನಾಗರಿ ಅವರಿಗೆ ಚೆನ್ನಾಗಿ ಬರುತ್ತದೆ. ಕೆಲವರು ಇದನ್ನು ಕನ್ನಡಕ್ಕೆ ತೊಡಕು ಎನ್ನುತ್ತಾರೆ. ನನಗೆ ಅದು ಏಣಿಯಾಗಿ ಕಂಡಿದೆ. ಕ, ಖ, ಗ, ಘ ಅದೇ ಸಾಲು, ಅದೇ ಕ್ರಮ. ಬೇರೆ ಪ್ರಾಂತದ ಮಕ್ಕಳು ತಡವರಿಸುವ ‘ಳ’ ನಮ್ಮ ಮಕ್ಕಳ ನಾಲಗೆಯಲ್ಲಿ ಆಗಲೇ ಇದೆ, ಮರಾಠಿಯಲ್ಲೂ ಅದು ಉಂಟಲ್ಲ. ಎಡವುವುದು ಎರಡು ಕಡೆ. ದೇವನಾಗರಿಯಲ್ಲಿ ಹ್ರಸ್ವ ‘ಎ’, ‘ಒ’ಗಳಿಗೆ ಮರಾಠಿಯ ಮಕ್ಕಳು ಬಲ್ಲ ಅಕ್ಷರವಿಲ್ಲ. ಆದ್ದರಿಂದ ರೈತ ಬೆಳೆ ಬೆಳೆದ ಎಂದು ಬರೆದಿದ್ದರೆ ಅವರು ಬೇಳೆ ಬೇಳೆದ ಎಂದು ಓದುತ್ತಾರೆ. ಇನ್ನೊಂದು ಒತ್ತಕ್ಷರ. ಅಲ್ಲಿ ಮೊದಲ ವ್ಯಂಜನ ಅರ್ಧವಾಗುತ್ತದೆ, ಇಲ್ಲಿ ಮೊದಲನೆಯದು ಪೂರ್ತಿ ನಿಂತು ಎರಡನೆಯದು ಅದರ ಕಾಲಡಿಗೆ ಇಳಿಯುತ್ತದೆ. ಅರ್ಕಾವತ್ತಂತೂ ಅಲ್ಲಿ ತಲೆಯ ಮೇಲೆ, ಇಲ್ಲಿ ಬೆನ್ನ ಹಿಂದೆ. ಒಬ್ಬಳು ಪುಟ್ಟಿ ‘ಸೂರ್ಯ’ನನ್ನು ನಾಲ್ಕು ಭಾನುವಾರ ‘ಸೂಯರ’ ಎಂದೇ ಓದಿದಳು. ಐದನೆಯ ಭಾನುವಾರ ತಾನೇ ತಡೆದು ನಿಂತು, ಬೆರಳನ್ನು ಹಿಂದಕ್ಕೆ ಸರಿಸಿ, ‘ಸೂ... ರ್... ಯ’ ಎಂದಳು. ಎಂದವಳೇ ತಲೆ ಎತ್ತಿ ಪಕ್ಕದಲ್ಲಿ ಕುಳಿತ ಅಪ್ಪನ ಮುಖ ನೋಡಿದಳು. ಅಪ್ಪ ಆ ಪದವನ್ನು ಇನ್ನೂ ಕೂಡಿಸಿ ಓದುತ್ತಿದ್ದರು.

ಅಕ್ಷರ ಬರುವ ಮೊದಲೇ ಮಕ್ಕಳ ಕೈಗೆ ಪುಸ್ತಕ ಕೊಟ್ಟು ಕಳುಹಿಸುತ್ತೇವೆ. ಮನೆಯಲ್ಲಿ ಅಜ್ಜಿ ಓದಿ ಹೇಳುತ್ತಾರೆ. ಅಜ್ಜಿಯರ ಹೆಸರಿನಲ್ಲಿ ಸದಸ್ಯತ್ವ ಹೆಚ್ಚಾಗಿರುವುದು ಹೀಗೆ. ಅವರಲ್ಲಿ ಹಲವರು ಈ ಹಿಂದೆ ಈ ಬಾಗಿಲು ದಾಟಿದವರಲ್ಲ. ವಾಚನಾಲಯ ಎಂದರೆ ಗಂಡಸರು ಪೇಪರ್ ಓದುವ ಜಾಗ ಎಂದು ತಿಳಿದಿದ್ದವರು.

ಈಗ ನನ್ನ ಮುಖ್ಯ ಕೋರಿಕೆಗೆ ಬರುತ್ತೇನೆ.

ನಮಗೆ ದಾನಿಗಳ ಕೊರತೆ ಇಲ್ಲ. ಇದನ್ನು ಕೃತಜ್ಞತೆಯಿಂದಲೇ ಹೇಳುತ್ತೇನೆ. ಕಪಾಟು ಬೇಕೇ ಎಂದು ಕೇಳುವವರಿದ್ದಾರೆ, ಫ್ಯಾನು ಕೊಟ್ಟಿದ್ದಾರೆ, ಕುರ್ಚಿ ಕೊಟ್ಟಿದ್ದಾರೆ. ಈ ಕೋಣೆಯಲ್ಲಿ ತಲೆ ಎತ್ತಿ ನೋಡಿದರೆ ಫ್ಯಾನಿನ ರೆಕ್ಕೆಯ ಮೇಲೂ ಹಿರಿಯರ ಹೆಸರು ಕಾಣುತ್ತದೆ. ಆದರೆ ದಿನಕ್ಕೆ ಮೂರು ಗಂಟೆ ಇಲ್ಲಿ ಕುಳಿತುಕೊಳ್ಳುವ ಒಬ್ಬರಿಗೆ ಸಂಬಳ ಕೊಡುತ್ತೇನೆ ಎಂದು ಯಾರೂ ಇದುವರೆಗೆ ಮುಂದೆ ಬಂದಿಲ್ಲ. ಕಪಾಟಿನ ಮೇಲೆ ಹೆಸರು ಬರೆಸಬಹುದು, ಸಂಬಳದ ಮೇಲೆ ಬರೆಸಲಾಗುವುದಿಲ್ಲ. ದಾನ ಕೊಡುವವರ ಮನಸ್ಸು ನನಗೆ ಅರ್ಥವಾಗುತ್ತದೆ, ತೀರಿಹೋದವರ ಹೆಸರು ಎಲ್ಲಾದರೂ ಉಳಿಯಬೇಕಲ್ಲ. ಹಾಗಾದರೆ ಹೀಗೆ ಮಾಡೋಣ. ಒಂದು ತಿಂಗಳ ಸಂಬಳ ಕೊಟ್ಟವರ ಹಿರಿಯರ ಹೆಸರನ್ನು ಆ ತಿಂಗಳು ಪೂರ್ತಿ ಬಾಗಿಲ ಪಕ್ಕದ ಕರಿ ಹಲಗೆಯಲ್ಲಿ ಬರೆಯೋಣ: ಈ ತಿಂಗಳು ಇವರ ನೆನಪಿನಲ್ಲಿ ಬಾಗಿಲು ತೆರೆದಿದೆ ಎಂದು.

ಇಪ್ಪತ್ತು ವರ್ಷ ಬ್ಯಾಂಕಿನ ಕೆಲಸದ ಜೊತೆಗೂ, ನಿವೃತ್ತಿಯ ನಂತರವೂ ನಾನು ಈ ಕುರ್ಚಿಯಲ್ಲಿ ಸಂತೋಷದಿಂದ ಕುಳಿತಿದ್ದೇನೆ. 2020ರ ಮಾರ್ಚಿನಲ್ಲಿ ಊರೆಲ್ಲ ಮುಚ್ಚಿದಾಗ ತಿಂಗಳುಗಟ್ಟಲೆ ಬಾಗಿಲು ತೆಗೆಯಲಾಗಲಿಲ್ಲ. ತೆರೆದ ಮೊದಲ ಸಂಜೆ ಬೀಗ ತುಕ್ಕು ಹಿಡಿದಿತ್ತು, ಕೀಲಿಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ತಿರುಗಿಸಿದೆ. ಅಂದು ಒಬ್ಬರೂ ಬರಲಿಲ್ಲ. ಎಂಟೂವರೆಯವರೆಗೆ ಕುಳಿತಿದ್ದೆ. ಮರುದಿನ ಒಬ್ಬರು ಬಂದರು. ವಾರ ಕಳೆಯುವಾಗ ಬೆಂಚು ತುಂಬಿತು. ಮೊದಲ ದಿನ ಯಾರೂ ಬರಲಿಲ್ಲವೆಂದು ಏಳು ಗಂಟೆಗೆ ಬೀಗ ಹಾಕಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಯೋಚಿಸುತ್ತೇನೆ.

ಬರುವ ತಿಂಗಳು ನನ್ನ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಇದೆ. ಕನಿಷ್ಠ ಮೂರು ತಿಂಗಳು ಬರಲಾಗದು ಎಂದು ವೈದ್ಯರು ಹೇಳಿದ್ದಾರೆ. ಸಂಬಳದ ವ್ಯವಸ್ಥೆ ಆಗುವವರೆಗೆ ವಾರದ ಆರು ಸಂಜೆಗಳನ್ನು ನೀವು ಹಂಚಿಕೊಳ್ಳಬೇಕು. ಕೆಲಸ ದೊಡ್ಡದಲ್ಲ. ಬೀಗ ತೆಗೆಯುವುದು, ದೀಪ ಹಾಕುವುದು, ದಿನಪತ್ರಿಕೆಗಳನ್ನು ಕೋಲಿಗೆ ಸಿಕ್ಕಿಸುವುದು, ಪುಸ್ತಕದ ಚೀಟಿಯಲ್ಲಿ ತಾರೀಖು ಹಾಕುವುದು, ಬಂದವರನ್ನು ಬನ್ನಿ ಎನ್ನುವುದು. ಏನು ಓದಲಿ ಎಂದು ಯಾರಾದರೂ ಕೇಳಿದರೆ ನಿಮಗೆ ಇಷ್ಟವಾದದ್ದನ್ನು ಹೇಳಿ, ಸಾಕು. ಬೇಗ ಹೋಗಬೇಕಾಗಿ ಬಂದರೆ ಮುಂಚೆಯೇ ಇನ್ನೊಬ್ಬರಿಗೆ ಫೋನ್ ಮಾಡಿ.

ಇಂಡಿಯ ಹುಡುಗ ಮತ್ತೆ ಬರತೊಡಗಿದ್ದಾನೆ. ಪ್ರಶ್ನೆಪತ್ರಿಕೆಗಳ ಕಟ್ಟಿನಲ್ಲಿ ಗಣಿತದ್ದು ಮಾತ್ರ ಹಾಗೆಯೇ ಉಳಿದಿದೆ, ನನಗೆ ಅದನ್ನು ಹೇಳಿಕೊಡಲು ಬರುವುದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಬಂದರೆ ಇನ್ನೂ ಒಳ್ಳೆಯದು.

ಕಾಫಿ ಇಟ್ಟಿರುವ ಮೇಜಿನ ಮೇಲೆ ಒಂದು ಹಾಳೆ ಇದೆ, ಪೆನ್ನನ್ನು ದಾರದಲ್ಲಿ ಕಟ್ಟಿದ್ದೇನೆ. ಮಂಗಳವಾರ, ಬುಧವಾರ, ಶುಕ್ರವಾರ, ಶನಿವಾರ, ಭಾನುವಾರದ ಎದುರು ಹೆಸರುಗಳು ಬಂದಾಗಿವೆ. ಗುರುವಾರದ ಎದುರು ಇನ್ನೂ ಯಾರೂ ಬರೆದಿಲ್ಲ.